ಅಮ್ಮನಾಗಿ ಮಾತಾಡಿದ ಎರಡು ವಾರ

ನನ್ನ ಸ್ವರವೂ ಅಮ್ಮನ ಸ್ವರವೂ ಒಂದೇ ಎಂದು ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಮ್ಮನ ಗಂಟಲಲ್ಲಿ ಸಣ್ಣ ಗಂಟೊಂದು ಕಾಣಿಸಿಕೊಂಡು ಆಪರೇಷನ್ ಆಯಿತು. ಎರಡು ವಾರ ಮಾತಾಡಲೇಬಾರದು ಎಂದರು ಡಾಕ್ಟರು.

ಅಮ್ಮನಿಗೆ ನೋವಿಗಿಂತ ಅಜ್ಜಿಯದೇ ಚಿಂತೆ. ಉಡುಪಿಯ ಹತ್ತಿರ ಮಾವನ ಮನೆಯಲ್ಲಿದ್ದ ಅಜ್ಜಿ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ವಿಷಯ ಗೊತ್ತಾದರೆ ಮೊಣಕಾಲು ನೋವಿನಲ್ಲೇ ರೈಲು ಹತ್ತಿಬಿಡುವವರು. ಆಸ್ಪತ್ರೆಯಿಂದ ಬಂದವಳೇ ಅಮ್ಮ ನನ್ನ ನೋಟ್‌ಬುಕ್ಕಿನಲ್ಲಿ ಬರೆದಳು: ‘ನೀನೇ ನಾನಾಗಿ ಮಾತಾಡು.’

ಮೊದಲ ದಿನವೇ ಎಡವಿದೆ. ಊಟ ಆಯ್ತಾ ಎಂದು ಅಜ್ಜಿ ಕೇಳಿದಾಗ “ಹಾಂ, ಅಭೀ ಆಯ್ತು” ಎಂದುಬಿಟ್ಟೆ.

“ಅಭೀ ಅಂದ್ರೆ ಎಂತದು?”

“ಮಗಳ ಹಿಂದಿ ಕೇಳಿ ಕೇಳಿ ನನ್ನ ಭಾಷೆಯೂ ಹಾಳಾಯ್ತಮ್ಮ.”

ಆ ಮಾತು ನನಗೆ ಎಲ್ಲಿಂದ ಬಂತೋ. ಅಮ್ಮ ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡಳು.

ಸೋಫಾದಲ್ಲಿ ಒರಗಿ ಮಾತಾಡಿದರೆ ನಾನು ನಾನೇ ಆಗಿರುತ್ತಿದ್ದೆ. ಸ್ಪೀಕರ್ ಹಾಕಿ, ಅಮ್ಮನ ಹಾಗೆ ಅಡುಗೆ ಕಟ್ಟೆಗೆ ಸೊಂಟ ಆನಿಸಿ ಅಲಸಂಡೆ ಮುರಿಯುತ್ತ ನಿಂತರೆ ಮಾತು ತಾನಾಗಿ ಬರುತ್ತಿತ್ತು. ದಿನವಿಡೀ ಸಂಜೆಗಾಗಿ ಕಾಯತೊಡಗಿದೆ. ಅಮ್ಮ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಳು.

ಒಂದು ದಿನ ಅಜ್ಜಿ ಮೆಲ್ಲಗೆ ಹೇಳಿದರು. “ಮದುವೆಯಾಗಿ ನೀನು ಬೊಂಬಾಯಿಗೆ ಹೊರಟಾಗ ನಾನು ಅಳಲಿಲ್ಲ ಅಂತ ನಿನಗೆ ಬೇಜಾರುಂಟಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೆ ಮಗಾ.”

ಅಮ್ಮನನ್ನು ನೋಡಿದೆ. ಅವಳ ಕಣ್ಣು ತುಂಬಿತ್ತು, ಕೈ ಸನ್ನೆ ಮಾಡುವುದನ್ನು ಮರೆತಿತ್ತು. ಅವಳ ಮುಖ ನೋಡುತ್ತಲೇ ಹೇಳಿದೆ: “ಈಗ ಬೇಜಾರಿಲ್ಲಮ್ಮ.” ಅಮ್ಮ ತಲೆಯಾಡಿಸಿದಳು.

ಎರಡು ವಾರ ಕಳೆದ ಮೇಲೆ ಅಮ್ಮ ತಾನೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಒಡೆದ ಸ್ವರದಲ್ಲಿ ಎಲ್ಲ ಒಪ್ಪಿಕೊಂಡಳು.

“ನನಗೆ ಎರಡನೇ ದಿನವೇ ಗೊತ್ತಾಗಿತ್ತು” ಎಂದರು ಅಜ್ಜಿ. “ನೀನು ನನ್ನ ಮಾತು ಪೂರ್ತಿ ಕೇಳಿದ್ದುಂಟಾ? ಮಗು ಕೇಳ್ತಿತ್ತು. ನಿನ್ನ ಗಂಡನಿಗೆ ಫೋನ್ ಮಾಡಿ ಎಲ್ಲಾ ತಿಳ್ಕೊಂಡೆ. ಅದು ಅಷ್ಟು ಚಂದ ಮಾತಾಡುವಾಗ ನಿಲ್ಲಿಸುದು ಎಂತಕ್ಕೆ ಅಂತ ಸುಮ್ಮನಿದ್ದೆ.”

“ಹಾಗಾದ್ರೆ ಬಚ್ಚಲಿನ ವಿಷಯ?”

“ನೀನು ಅಲ್ಲೇ ನಿಂತಿರ್ತಿ ಅಂತ ಗೊತ್ತಿತ್ತಲ್ಲ. ಎದುರೆದುರು ಹೇಳ್ಲಿಕ್ಕೆ ಆಗುದಿಲ್ಲ ನನಗೆ.”

ಆಮೇಲೆ ಸಂಜೆಗಳು ನನಗೆ ಖಾಲಿ ಎನಿಸಿದವು. ಕನ್ನಡ ಸಂಘದ ನಾಟಕಕ್ಕೆ ನಾನೇ ಹೋಗಿ ಹೆಸರು ಕೊಟ್ಟೆ. ಸಿಕ್ಕಿದ್ದು ನೆರೆಮನೆಯವಳ ಪಾತ್ರ, ಆಡಲು ಮೂರೇ ಮಾತು. ಬೈಕುಲ್ಲಾದ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಪ್ಪ ರಜೆ ಹಾಕಿ ಬಂದು ಅಮ್ಮನ ಜೊತೆ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮನ ತುಟಿ ಅಲ್ಲಾಡುತ್ತಿತ್ತು. ಮೂರೂ ಮಾತು ಅವಳಿಗೆ ಬಾಯಿಪಾಠವಾಗಿತ್ತು.