ಜುಮಾಕ್ಕೆ ಸೈಡ್‌ಕಾರ್‌ನಲ್ಲಿ

ಗಂಡನಿಗೆ ಪಾರ್ಶ್ವವಾಯು ಬಡಿದಾಗ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಂಕನಾಡಿಯ ಆಸ್ಪತ್ರೆಯಿಂದ ಕಾಟಿಪಳ್ಳದ ಮನೆಗೆ ಕರೆತಂದೆ. ಎಡಗೈ, ಎಡಗಾಲು ಹೋಗಿದ್ದವು, ಮಾತು ಉಳಿದಿತ್ತು. ಮಾತು ಉಳಿಸಿಕೊಟ್ಟದ್ದಕ್ಕೆ ಅಲ್ಹಮ್ದುಲಿಲ್ಲಾಹ್ ಅಂದೆ. ಬಾಯಿ ಅಂದಿತು, ಅಷ್ಟೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗಿತ್ತು ನನ್ನ ಒಳಗು. ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

ಅವರಿಗೆ ಬೇಕಾದದ್ದು ಒಂದೇ, ಜುಮಾ. ಗಲ್ಫಿನಲ್ಲಿ ದುಡಿಯುವಾಗಲೂ ಶುಕ್ರವಾರ ಮಧ್ಯಾಹ್ನದ ಆ ನಮಾಝ್ ಬಿಟ್ಟವರಲ್ಲ. ಉಳಿದ ನಮಾಝ್‌ಗಳನ್ನು ಮಂಚದಲ್ಲೇ ಕುಳಿತು ಮಾಡುತ್ತಿದ್ದರು. ಆದರೆ ಜುಮಾವನ್ನು ಮನೆಯಲ್ಲಿ ಒಬ್ಬರೇ ಮಾಡುವಂತಿಲ್ಲ, ಮಸೀದಿಯ ಸಾಲಿನಲ್ಲಿ ಸೇರಬೇಕು. ರಿಕ್ಷಾಕ್ಕೆ ಹತ್ತಿಸಲು ಇಬ್ಬರು ಗಂಡಸರು ಬೇಕು. ನಮಗಿರುವುದು ಒಬ್ಬಳೇ ಮಗಳು, ಅವಳು ಮದುವೆಯಾಗಿ ಬಜಪೆಯಲ್ಲಿದ್ದಾಳೆ. ಶುಕ್ರವಾರ ಮಸೀದಿಯಿಂದ ನಮಾಝಿಗೆ ಕರೆಯುವ ಬಾಂಗ್ ಕೇಳಿದರೆ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು.

ಅಂಗಳದಲ್ಲಿ ಅವರ ಬೈಕು ನಿಂತಿತ್ತು. ಅದರ ಎಡಬದಿಗೆ ಸೈಡ್‌ಕಾರ್ ಕಟ್ಟಿಸುವ ಯೋಚನೆ ಅವರದ್ದೇ. ಒಂದೇ ಚಕ್ರದ ತಗ್ಗು ಪೆಟ್ಟಿಗೆ ಅದು. ಗಾಲಿಕುರ್ಚಿಯನ್ನು ಒತ್ತಿಗೆ ತಂದರೆ ನಾನೊಬ್ಬಳೇ ಅವರನ್ನು ಜಾರಿಸಿ ಕೂರಿಸಬಹುದಿತ್ತು.

"ಬಿಡುವುದು ಯಾರು?" ಎಂದೆ.

"ನೀನೇ. ಸ್ಕೂಟರ್ ಬರ್ತದಲ್ಲ ನಿಂಗೆ."

ಸ್ಕೂಟರ್ ಬರುತ್ತಿದ್ದುದೇ ತೊಂದರೆಯಾಯಿತು. ಸ್ಕೂಟರಿನಲ್ಲಿ ತಿರುವು ಬಂದಾಗ ಮೈ ವಾಲಿಸಿದರೆ ಸಾಕು, ಅದು ತಾನಾಗಿ ತಿರುಗುತ್ತದೆ. ಇದು ವಾಲುವ ಜಾತಿಯದ್ದಲ್ಲ. ಮನೆಯೆದುರಿನ ಮೈದಾನದಲ್ಲಿ ಎಡಕ್ಕೆ ಮೈ ವಾಲಿಸಿದೆ. ಗಾಡಿ ನೇರ ಹೋಗಿ ಪೊದೆಗೆ ನುಗ್ಗಿತು.

ಅವರು ಗಾಲಿಕುರ್ಚಿಯಲ್ಲಿ ಕುಳಿತು ಬೊಬ್ಬೆ ಹೊಡೆದರು. "ವಾಲ್ಬೇಡ ಮಾರಾಯ್ತಿ! ಹ್ಯಾಂಡಲ್ ತಿರುಗಿಸು, ರಿಕ್ಷಾದ ಹಾಗೆ!"

ಹ್ಯಾಂಡಲ್ ತಿರುಗಿಸಿದೆ. ಖಾಲಿ ಪೆಟ್ಟಿಗೆಯ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಭಾರ ಬೇಕು ಅಂದರು. ಕುಚ್ಚಲಕ್ಕಿಯ ಮೂಟೆ ತಂದು ಅದರಲ್ಲಿ ಕೂರಿಸಿದೆ. ದಿನಾ ಬೆಳಿಗ್ಗೆ ಅಕ್ಕಿಯೊಂದಿಗೆ ಮೈದಾನ ಸುತ್ತಿದೆ. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ, "ಎಂತ ಅಕ್ಕಾ, ಅಕ್ಕಿಗೆ ಊರು ತೋರಿಸ್ಲಿಕ್ಕೆ ಹೊರಟದ್ದಾ?" ಎಂದು ನಕ್ಕಳು.

"ಅಕ್ಕಿಗೆ ಹೆದರಿಕೆ ಇಲ್ಲ ನೋಡಿ," ಅಂದರು ನನ್ನವರು. "ನಾಳೆ ಕೂತ್ಕೊಳ್ಳುವವ ನಾನು."

ನನಗೆ ನಗುವೂ ಬರಲಿಲ್ಲ. ಕೈ ಮಾತ್ರ ನಿಧಾನವಾಗಿ ಕಲಿಯಿತು. ಅದೂ ಅಲ್ಲಾಹನ ದೊಡ್ಡ ಉಪಕಾರವೇ.

ನಮ್ಮ ಕಡೆ ಹೆಂಗಸರು ಜುಮಾಕ್ಕೆ ಹೋಗುವ ರೂಢಿಯಿಲ್ಲ. ಗೇಟಿನ ಮುಂದೆ ಅಷ್ಟು ಗಂಡಸರ ನಡುವೆ ಬುರ್ಖಾದಲ್ಲಿ ಬೈಕು ಬಿಟ್ಟುಕೊಂಡು ಹೋಗುವುದು ಹೇಗೆ? "ಬಾಂಗ್ ಆಗಿ ಎಲ್ಲರೂ ಒಳಗೆ ಹೋಗಲಿ, ಆಮೇಲೆ ಹೊರಡುವ. ರಸ್ತೆ ಖಾಲಿ ಇರ್ತದೆ," ಎಂದೆ. ಅವರಿಗೂ ಸರಿ ಕಂಡಿತು.

ಆ ಶುಕ್ರವಾರ ರಸ್ತೆ ಖಾಲಿಯೇ ಇತ್ತು. ಬಿಸ್ಮಿಲ್ಲಾ ಹೇಳಿ ಹೊರಟು, ಏರು ಹತ್ತಿ, ಮಸೀದಿಯ ಗೇಟಿನ ಮುಂದೆ ನಿಲ್ಲಿಸಿದೆ. ಮೈಕಿನಲ್ಲಿ ಖುತುಬ, ಅಂದರೆ ಪ್ರವಚನ, ಶುರುವಾಗಿತ್ತು. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇವರನ್ನು ಎತ್ತಿ ಇಳಿಸಬೇಕಾದ ಗಂಡಸರೆಲ್ಲ ಒಳಗಿದ್ದಾರೆ. ಖುತುಬದ ಹೊತ್ತಿಗೆ ಯಾರೂ ಮಾತಾಡುವಂತಿಲ್ಲ. ಕರೆದರೂ ಯಾರು ಓಗೊಡುತ್ತಾರೆ? ಗಾಲಿಕುರ್ಚಿ ಮನೆಯಲ್ಲಿ. ಅಂಗಳದವರೆಗೂ ಸಾಲುಗಳು, ಬಿಳಿ ಟೊಪ್ಪಿಗಳು, ಬೆನ್ನುಗಳು.

"ಮನೆಗೆ ಹೋಗುವನಾ?" ಎಂದು ಪಿಸುಗುಟ್ಟಿದೆ.

ಅವರ ಮುಖ ನೋಡಿದೆ. ಗೋಡೆಗೆ ಮುಖ ಮಾಡಿ ಮಲಗುವಾಗಿನ ಮುಖವೇ ಅದು. ಕಡೇ ಸಾಲನ್ನು ಕಣ್ಣಲ್ಲೇ ಅಳೆದು, "ಒಳಗೆ ಬಿಡು," ಅಂದರು.

"ಎಂತದನ್ನು?"

"ಗಾಡಿಯನ್ನು. ಆ ಕಡೇ ಸಾಲಿನ ಬಲತುದಿಗೆ. ನಾನು ಇದರಲ್ಲೇ ಕೂತು ಮಾಡ್ತೇನೆ."

ಗೇಟು ಎಡಕ್ಕಿತ್ತು. ಅದನ್ನು ದಾಟಿದರೆ ಗಾಡಿಯ ಮುಖ ಸರಿಯಾಗಿ ಪಶ್ಚಿಮಕ್ಕೆ, ನಮಾಝಿಗೆ ಮುಖ ಮಾಡುವ ಕಿಬ್ಲಾದ ಕಡೆಗೆ. ಫಸ್ಟ್ ಗೇರ್ ಹಾಕಿ ಹ್ಯಾಂಡಲ್ ತಿರುಗಿಸಿದೆ. ಆ ಶಾಂತಿಯಲ್ಲಿ ನಮ್ಮ ಬೈಕು ಲಾರಿಯ ಹಾಗೆ ಕೂಗಿತು. ಕೆಲವು ತಲೆಗಳು ತಿರುಗಿದವು, ಕಣ್ಣುಗಳು ದೊಡ್ಡವಾದವು. ಆದರೆ ಮಾತಾಡುವಂತಿಲ್ಲದ ಮೇಲೆ ಬೈಯುವಂತೆಯೂ ಇಲ್ಲವಲ್ಲ! ಆ ಉಪಕಾರವನ್ನೂ ಲೆಕ್ಕಕ್ಕೆ ಹಿಡಿದೆ. ಸಾಲಿನ ತುದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ತಲೆತಗ್ಗಿಸಿ ಗೇಟಿನ ಹೊರಗೆ ಬಂದು ನಿಂತೆ.

ನಮಾಝ್ ಶುರುವಾಯಿತು. ಎಲ್ಲರೂ ಎದ್ದರು. ಸಾಲಿನಲ್ಲಿ ಸಂದು ಬಿಡಬಾರದು. ಇವರ ಪಕ್ಕದಾತ ಒಮ್ಮೆ ಕೆಳಗೆ ನೋಡಿ, ಸರಿದು ಬಂದು, ಪೆಟ್ಟಿಗೆಯ ಅಂಚಿಗೆ ಕಾಲು ತಾಗಿಸಿ ನಿಂತ. ಇವರ ಬಲಗೈ ಕಿವಿಯವರೆಗೆ ಎದ್ದಿತು. ಎಡಗೈ ತೊಡೆಯ ಮೇಲೇ ಇತ್ತು.

ಮುಗಿದ ಮೇಲೆ ಮಸೀದಿಯ ಜಮಾಅತಿನ ಒಬ್ಬ ಹಿರಿಯರು ಗೇಟಿಗೆ ಬಂದರು. "ಗಾಡಿ ಒಳಗೆ ತಂದದ್ದು ಯಾರು?"

"ನಾನು."

ಬೈಗುಳಕ್ಕೆ ಕಾದೆ. ಅವರು ಹಿಂದಕ್ಕೆ ತಿರುಗಿ ಸಾಲು ಇದ್ದ ಜಾಗವನ್ನು ನೋಡಿದರು. "ಬರುವ ವಾರ ಒಂದು ಗೇಣು ಹಿಂದೆ ನಿಲ್ಲಿಸು ತಂಗಿ. ಸಾಲು ಓರೆ ಆಗ್ತದೆ."

ಬೈಕಿಗೆ ರಿವರ್ಸ್ ಇಲ್ಲ. ನಾಲ್ಕೈದು ಮಂದಿ ಸೇರಿ ಇವರನ್ನು ಕೂರಿಸಿಕೊಂಡೇ ಹಿಂದಕ್ಕೆ ಎಳೆದು ರಸ್ತೆಗೆ ತಂದುಕೊಟ್ಟರು. ಇಳಿಜಾರಿನುದ್ದಕ್ಕೂ ಇವರು ಅಳುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಳ್ಳಲು ಒಂದು ಕೈ ಸಾಲದೆ ಒದ್ದಾಡಿದರು. ಗಾಡಿ ನಿಲ್ಲಿಸಿ ನಾನೇ ಒರೆಸಿಕೊಟ್ಟೆ.

"ನಿಂಗೆ ಖುಷಿ ಆಗ್ಲಿಲ್ವಾ?" ಕೇಳಿದರು.

"ಗೊತ್ತಿಲ್ಲ," ಎಂದೆ. ಸುಳ್ಳು ಹೇಳಲು ಆಗಲಿಲ್ಲ.

ಮನೆಗೆ ಬಂದು ಅವರಿಗೆ ಗಂಜಿ ಕೊಟ್ಟೆ. ನನ್ನ ಲುಹರ್, ಅಂದರೆ ಮಧ್ಯಾಹ್ನದ ನಮಾಝಿನ ಹೊತ್ತು ಇನ್ನೂ ಮೀರಿರಲಿಲ್ಲ. ಮುಗಿಸಿ, ಚಾಪೆಯ ಮೇಲೆ ಕುಳಿತು ಕೈಯೆತ್ತಿದೆ. ಏನು ಕೇಳಬೇಕೆಂದು ತೋಚಲಿಲ್ಲ. ಬರುವ ಶುಕ್ರವಾರ ಒಂದು ಗೇಣು ಹಿಂದೆ ನಿಲ್ಲಿಸುವುದು ನೆನಪಿರಲಿ ಎಂದಷ್ಟೇ ಕೇಳಿದೆ.