ಹೊಟ್ಟೆನೋವೆಂದು ಬಂದ ಮಲ್ಲಪ್ಪನವರು

ರೋಗಿಯ ನಾಲಿಗೆ ನೋಡುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು; ಆ ನಾಲಿಗೆ ಮಾತೇ ಆಡದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಯುದ್ಧದ ವರ್ಷಗಳಲ್ಲಿ ನಾನು ನರಸಿಂಹರಾಜಪುರದ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ನನಗೆ ಇಪ್ಪತ್ತಾರು. ದೊಡ್ಡವನಂತೆ ಕಾಣಲೆಂದು ಮೀಸೆ ಬಿಟ್ಟೆ, ಅದೂ ಸರಿಯಾಗಿ ಬರಲಿಲ್ಲ. ಹಿರಿಯರು ಒಳಗೆ ಬಂದು, ದೊಡ್ಡ ಡಾಕ್ಟರು ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದರು.

ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಮಲ್ಲಪ್ಪನವರು ಹಾಗೆ ಕೇಳಲಿಲ್ಲ. ಅರವತ್ತು ದಾಟಿದವರು, ಹಣೆ ತುಂಬ ವಿಭೂತಿ. ಹೊಟ್ಟೆನೋವು ಎಂದರು. ಔಷಧಿ ಕೊಟ್ಟೆ. ಮತ್ತೆ ಬಂದರು. ಬೇರೆ ಬಣ್ಣದ್ದು ಕೊಟ್ಟೆ. ಮೂರನೇ ಸಲ ಹೊಟ್ಟೆ ಒತ್ತಿ ನೋಡಿ, ಇಲ್ಲೇನೂ ಕಾಯಿಲೆ ಇಲ್ಲ, ಮನಸ್ಸಿನಲ್ಲಿ ಏನಿದೆ ಹೇಳಿ ಎಂದೆ. ಪುಸ್ತಕ ಓದಿ ಬಂದ ಜಾಣತನ ಅದು. ಅವರು ಅಂಗಿಯ ಗುಂಡಿ ಹಾಕಿಕೊಂಡು ಎದ್ದುಹೋದರು. ಮಗನ ವಯಸ್ಸಿನವನೆದುರು ಮನಸ್ಸು ಬಿಚ್ಚುವುದು ಅವರ ಕಾಲದವರಿಗೆ ಅಂಗಿ ಬಿಚ್ಚಿದಷ್ಟು ಸುಲಭವಲ್ಲವೆಂದು ನನಗೆ ಹೊಳೆದಿರಲಿಲ್ಲ.

ತಿಂಗಳ ಮೇಲೆ ಪುನಃ ಬಂದರು. ಈ ಸಲ ನಾನೇನೂ ಕೇಳಲಿಲ್ಲ. ಕೇಳಿ ಸೋತಿದ್ದೆ, ಅಷ್ಟೇ. ಬೆಂಚಿನ ಮೇಲೆ ಕೂತು ಅವರೇ ಶುರುಮಾಡಿದರು. ಹಿಂದಿನ ವರ್ಷ, ನಾನು ಆಸ್ಪತ್ರೆಗೆ ಬಂದ ಹೊಸತರಲ್ಲಿ, ಹೆಂಡತಿಗೆ ಚಳಿಜ್ವರ ಬಂದಿತ್ತು. ಆಸ್ಪತ್ರೆಗೆ ಹೋಗೋಣ ಎಂದು ಆಕೆಯೇ ಹೇಳಿದ್ದರಂತೆ. ಆ ಹುಡುಗನಿಗೆ ಏನು ಗೊತ್ತು ಎಂದು ಇವರು ಮನೆಯ ಕಷಾಯದಲ್ಲೇ ದಿನ ಕಳೆದರು. ಆರನೆಯ ದಿನ ಆಕೆ ತೀರಿಕೊಂಡರು.

"ಅವತ್ತು ಕರ್ಕೊಂಡು ಬಂದಿದ್ರೆ ಉಳೀತಿದ್ಲಾ ಡಾಕ್ಟ್ರೆ?"

ಇಲ್ಲ ಎಂದುಬಿಡಬಹುದಿತ್ತು.

"ಗೊತ್ತಿಲ್ಲ," ಎಂದೆ. "ಉಳೀಬಹುದಿತ್ತು. ಆದ್ರೆ ಅದೇ ಜ್ವರದಲ್ಲಿ ನನ್ನ ಕೈಯಲ್ಲೂ ಜನ ಹೋಗಿದ್ದಾರೆ. ಮುತ್ತಿನಕೊಪ್ಪದ ಒಬ್ಬಳು ಬಾಣಂತಿ ಹೋದ್ಲು."

ಅದನ್ನು ಅಲ್ಲಿಯವರೆಗೆ ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

ಮಲ್ಲಪ್ಪನವರು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ನಿಮ್ಗಿನ್ನೂ ಸಣ್ಣ ಪ್ರಾಯ ಮಾರಾಯ್ರೆ. ಇದನ್ನೆಲ್ಲ ಒಬ್ರೇ ಹೊತ್ಕೊಂಡು ಕೂತ್ಕೋಬಾರ್ದು," ಎಂದರು.

ಔಷಧಿ ಕೇಳದೆ ಹೋದರು. ಆಮೇಲೆ ಆಗಾಗ ಬಂದು ಕೂತು, ಹೆಂಡತಿಯ ಮಾತಾಡಿ ಹೋಗುತ್ತಿದ್ದರು. ಹೊಟ್ಟೆಯ ಸುದ್ದಿ ಎತ್ತಲಿಲ್ಲ. ಯಾರು ಯಾರಿಗೆ ಚಿಕಿತ್ಸೆ ಮಾಡಿದೆವೋ, ನನಗಂತೂ ತಿಳಿಯದು.

ಈಗ ನಾನು ಅವರ ವಯಸ್ಸನ್ನು ದಾಟಿದ್ದೇನೆ. ನನ್ನನ್ನು ನೋಡುವ ಡಾಕ್ಟರು ಮೊಮ್ಮಗಳ ಪ್ರಾಯದ ಹುಡುಗಿ. ಬಹಳ ಅಕ್ಕರೆಯಿಂದ ಎಲ್ಲವನ್ನೂ ಕೇಳುತ್ತಾಳೆ. ನಾನು ಅರ್ಧ ಮುಚ್ಚಿಡುತ್ತೇನೆ. ಅವಳಲ್ಲಿ ನಂಬಿಕೆಯಿದೆ, ಆದರೂ ಇಷ್ಟು ಚಿಕ್ಕವಳ ಮೇಲೆ ಇದನ್ನೂ ಏಕೆ ಹೊರಿಸಲಿ ಎನಿಸುತ್ತದೆ. ಆಗ ಹಿರಿಯರು ಬಾಯಿ ಬಿಡದಿದ್ದರೆ ನನ್ನನ್ನು ತಾತ್ಸಾರ ಮಾಡಿದರೆಂದೇ ತಿಳಿಯುತ್ತಿದ್ದೆ. ಆ ಮೌನದಲ್ಲಿ ಒಂದಿಷ್ಟು ನನ್ನ ಮೇಲಿನ ಕನಿಕರವೂ ಇತ್ತೇನೋ.