ಕೊಕ್ಕರೆಯಜ್ಜನ ಇನ್ನೊಂದು ಕಾಲು

ನಮ್ಮದು ಮೂರು ಜನರ ತಂಡ. ಹಾಡು ಕಟ್ಟಿ ಹಾಡುವವಳು ನಾನು. ಶಿಕಾರಿಪುರದ ಎಪಿಎಂಸಿ ಹತ್ತಿರ ಬೀಜದ ಅಂಗಡಿ ಇಟ್ಟಿರುವವರೊಬ್ಬರು ಡ್ರಮ್ ಬಾರಿಸುತ್ತಾರೆ, ಸೊರಬದ ನರ್ಸ್ ಒಬ್ಬರು ಹಾರ್ಮೋನಿಯಂ ನುಡಿಸುತ್ತಾರೆ. ಯಾವ ಆಡಿಯೋ ಕಂಪನಿಯೂ ನಮ್ಮ ಬೆನ್ನಿಗಿಲ್ಲ, ಯಾರೂ ಬಂದು ಕೇಳಿಯೂ ಇಲ್ಲ. ಹಾಡುವುದು ಮಕ್ಕಳಿಗೆ. ಆದರೆ ಉಡುತಡಿಯಲ್ಲಿ ಹಾಡಿದ ದಿನ ಅಜ್ಜಿಯರು ಮೊಮ್ಮಕ್ಕಳನ್ನು ಹಿಂದೆ ತಳ್ಳಿ ತಾವೇ ಮುಂದಿನ ಸಾಲು ಹಿಡಿದರು. ಅಂದಿನಿಂದ ನನಗೆ ಸಣ್ಣದೊಂದು ಕೊಂಬು ಮೂಡಿತ್ತು.

ಅದನ್ನು ಮುರಿದವರು ನನ್ನ ಅತ್ತೆ. ಬೆಳ್ಳುಳ್ಳಿ ಸುಲಿಯುತ್ತಾ, ತಲೆಯನ್ನೂ ಎತ್ತದೆ, "ಮಕ್ಳು ಕುಣಿಯೋದು ನಿಮ್ಮ ಗದ್ದಲಕ್ಕವ್ವಾ, ಹಾಡಿಗಲ್ಲ. ಡಬ್ಬ ಬಡಿದ್ರೂ ಕುಣೀತಾವ," ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎರಡು ದಿನ ಮಾತು ಬಿಟ್ಟೆ. ಅವರು ಹೇಳಿದ್ದು ನಿಜವಾಗಿದ್ದರೆ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ಆಗ ನಾವು ಹಾಡುತ್ತಿದ್ದದ್ದು ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆಯ ಹಾಡು. 'ಕೊಕ್ಕರೆಯಜ್ಜಾ, ಇನ್ನೊಂದು ಕಾಲು ಎಲ್ಲಿಟ್ಟೆ?' ಎಂದು ಮಕ್ಕಳೂ ಒಂಟಿ ಕಾಲಿನಲ್ಲಿ ನಿಂತು ಕೇಳಬೇಕು. ಅಜ್ಜ ಕೆರೆಯ ತೂಬಿನಲ್ಲಿ ಹುಡುಕುತ್ತಾನೆ, ಸಂತೆಯ ಚೀಲದಲ್ಲಿ ಹುಡುಕುತ್ತಾನೆ, ತಾಲ್ಲೂಕು ಆಫೀಸಿನ ಕಡತದಲ್ಲೂ ಹುಡುಕುತ್ತಾನೆ. ಕಡತ ಬಂದಾಗ ದೊಡ್ಡವರು ನಗುತ್ತಾರೆ. ಪ್ರತಿ ಸಲವೂ ಎಲ್ಲರೂ 'ಸಿಗಲಿಲ್ಲ!' ಎಂದು ಕಿರುಚಬೇಕು, ಡ್ರಮ್ ಢಮ್ಮೆನ್ನಬೇಕು. ಕೊನೆಗೆ ಆ ಕಾಲು ಅಜ್ಜನ ಹೊಟ್ಟೆಯಡಿಯ ಗರಿಯೊಳಗೇ ಸಿಗುತ್ತದೆ.

ಈ ಹಾಡಿಗಾಗಿಯೇ ಶಿಕಾರಿಪುರದ ಒಂದು ಶಾಲೆಯವರು ನಮ್ಮನ್ನು ಮಕ್ಕಳ ಜೊತೆ ಗುಡವಿ ಪಕ್ಷಿಧಾಮಕ್ಕೆ ಕರೆದರು. ಹಕ್ಕಿಗಳ ಊರಿನಲ್ಲಿ ಹಕ್ಕಿಯ ಹಾಡು, ಇನ್ನೇನು ಬೇಕು ಎಂದು ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಬಸ್ಸಿನಲ್ಲಿ ಜಾಗವಿದೆ ಎಂದು ತಿಳಿದು ಅತ್ತೆಯೂ ಹೊರಟರು. "ನಿಮ್ಮ ಹಾಡಿಗಲ್ಲ, ಹಕ್ಕಿ ನೋಡಾಕ," ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಡ್ರಮ್ ಇಳಿಸುತ್ತಿದ್ದಂತೆ ಪಕ್ಷಿಧಾಮದ ವಾಚರ್ ಓಡಿ ಬಂದರು. "ಮೇಡಂ, ಇದೇನ್ರೀ ಇದು? ಗೂಡಲ್ಲಿ ಮರಿ ಇದಾವೆ. ಇದನ್ನ ಬಾರ್ಸಿದ್ರೆ ತಾಯಕ್ಕಿಗಳೆಲ್ಲ ಎದ್ದು ಹೋಗ್ತಾವೆ. ಅಷ್ಟೊತ್ತಿಗೆ ಕಾಗೆ ಬಂದು ಮರಿ ಎತ್ಕಂಡ್ ಹೋಗ್ತದೆ."

ಕೆರೆಯ ಕಡೆ ನೋಡಿದೆ. ನೀರಿನಲ್ಲಿ ನಿಂತ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಹಕ್ಕಿಯ ಮೇಲೆ ಹಾಡು ಕಟ್ಟಿದವಳಿಗೆ ಹಕ್ಕಿಯ ಯೋಚನೆಯೇ ಬಂದಿರಲಿಲ್ಲ. ಅಂಗಡಿಯವರು ಡ್ರಮ್ಮನ್ನು, ನರ್ಸ್ ಹಾರ್ಮೋನಿಯಂ ಅನ್ನು ಮತ್ತೆ ಬಸ್ಸಿಗೇರಿಸಿದರು. "ಡ್ರಮ್ ಇಲ್ದೆ ಈ ಹಾಡು ಏಳಲ್ಲ ಬಿಡ್ರೀ, ಹಕ್ಕಿ ತೋರ್ಸಿ ಕರ್ಕೊಂಡು ಹೋಗಾಣ," ಎಂದರು ಅಂಗಡಿಯವರು. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಪಿಸುಮಾತಲ್ಲಿ ಹಾಡ್ತೀವಿ," ಎಂದುಬಿಟ್ಟೆ. ವಾಚರ್ ತುಸು ಯೋಚಿಸಿ, "ಒಂದು ಹಕ್ಕಿ ಎದ್ರೂ ನಿಲ್ಲಿಸ್ಬೇಕು," ಎಂದು ಕೆರೆಯತ್ತ ಮುಖ ಮಾಡಿ ನಿಂತರು.

ಮೂವತ್ತೆರಡು ಮಕ್ಕಳು ಮರದ ನೆರಳಲ್ಲಿ ನನ್ನ ಸುತ್ತ ಒತ್ತಾಗಿ ಒಂಟಿ ಕಾಲಿನಲ್ಲಿ ನಿಂತರು. ಉಸಿರಿನಲ್ಲೇ ಹಾಡಿದೆ. ಅಂಗಡಿಯವರು ಎರಡು ಬೆರಳಿಂದ ತಮ್ಮ ಎದೆಯ ಮೇಲೆ ತಾಳ ತಟ್ಟಿದರು. ಮೊದಲ 'ಸಿಗಲಿಲ್ಲ' ಬಂದಾಗ ಮಕ್ಕಳ ಬಾಯಿಂದ ಬರೀ ಗಾಳಿ ಹೊರಟಿತು. ಮೂರನೆಯ ಸಲ ಒಬ್ಬಳು ಆಯತಪ್ಪಿ ಪಕ್ಕದವನ ಮೇಲೆ ಬಿದ್ದಳು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಸದ್ದು ಬಿಡಲಿಲ್ಲ. ವಾಚರ್ ಕೈ ಎತ್ತಿದರು. ಒಂದು ನೀರುಕಾಗೆ ಕತ್ತು ಉದ್ದ ಮಾಡಿ ನೋಡಿ ಮತ್ತೆ ಗೂಡಿನಲ್ಲಿ ಕುಳಿತಿತು. ಅವರು ಕೈ ಇಳಿಸಿದರು.

ಹಾಡು ಮುಗಿಯಿತು. ಚಪ್ಪಾಳೆ ಹೊಡೆಯುವಂತಿರಲಿಲ್ಲ. ಮಕ್ಕಳು ಸುಮ್ಮನೆ ಕಾಲು ಇಳಿಸಿ ಹಕ್ಕಿ ನೋಡಲು ಹೋದರು. ಗೂಡುಗಳಂತೂ ಉಳಿದವು ಎಂದು ಮನಸ್ಸು ಹಗುರವಾಯಿತು, ನಿಜ. ಆದರೆ ಹಾಡು ಉಳಿಯಿತೋ ಇಲ್ಲವೋ ತಿಳಿಯಲಿಲ್ಲ. ಹೇಳಿದಷ್ಟು ಮಾಡುವ ಮಕ್ಕಳು, ಹೇಳಿದ್ದಕ್ಕೆ ಮಾಡಿರಬಹುದು.

ವಾಪಸ್ ಹೊರಟಾಗ ಗುಡವಿ ದಾಟುತ್ತಲೇ ಡ್ರೈವರ್, "ಈಗ ಎಷ್ಟು ಬೇಕಾದ್ರೂ ಕೂಗ್ರೋ!" ಎಂದರು. ಅಂಗಡಿಯವರು ಆಸೆಯಿಂದ ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡರು. ಕಿವಿ ಮುಚ್ಚಿಕೊಳ್ಳಲು ನಾನೂ ಸಿದ್ಧಳಾದೆ.

ಯಾರೂ ಕೂಗಲಿಲ್ಲ. ಹಿಂದಿನ ಸೀಟಿನಿಂದ ಪಿಸುಮಾತು ಶುರುವಾಯಿತು, 'ಕೊಕ್ಕರೆಯಜ್ಜಾ, ಇನ್ನೊಂದು ಕಾಲು ಎಲ್ಲಿಟ್ಟೆ?' ಸೀಟಿನಿಂದ ಸೀಟಿಗೆ ಹರಿದು ಮುಂದೆ ಬಂತು. ಯಾರೂ ಅವರಿಗೆ ಹಾಡಿ ಎಂದಿರಲಿಲ್ಲ. ಅಂಗಡಿಯವರು ಡ್ರಮ್ಮಿನ ಮೇಲಿನ ಕೈ ತೆಗೆದು ಎದೆಯ ಮೇಲಿಟ್ಟುಕೊಂಡರು. ನನಗೆ ಅಳು ಬಂತು, ಎಷ್ಟೋ ದಿನದ ಭಾರ ಇಳಿದಂತಾಯಿತು.

ನನ್ನ ಹಿಂದೆಯೇ ಯಾರೋ ತೂಬಿಗೆ ಮೊದಲು ಸಂತೆಯ ಚೀಲ ಹಾಡಿದರು. "ಅಲ್ಲಜ್ಜಿ, ಮೊದ್ಲು ತೂಬು," ಎಂದು ಒಂದು ಮಗು ತಿದ್ದಿತು. ತಿರುಗಿ ನೋಡಿದೆ. ಆ ಮಗುವಿನ ಪಕ್ಕದಲ್ಲಿ ಅತ್ತೆ.

"ಏನತ್ತೆ?" ಎಂದೆ, ಗೆದ್ದ ದನಿಯಲ್ಲಿ.

"ಶ್! ಸುಮ್ನಿರವ್ವಾ," ಎಂದರು ಅವರು. "ಸಾಲು ತಪ್ತೈತಿ ನಂಗ."